ಗುಳಿಗೆಗೂ ಮುಂಚೆ ಒಂದು ತುತ್ತು

ಜಮಖಂಡಿಯ ಪೇಟೆಯಲ್ಲಿ ಬ್ರೆಡ್ಡಿನ ಪಾಕೀಟು ಹಿಡಿದು ನಡೆದು ನೋಡಿ. ಎದುರಿಗೆ ಬಂದವರು ಮೊದಲು ಕೇಳುವುದು, "ಯಾರಿಗೆ ಆರಾಮಿಲ್ರಿ?" ಎಂದೇ. ನಮ್ಮ ಕಡೆ ಬ್ರೆಡ್ಡು ತಿನಿಸಲ್ಲ, ಔಷಧಿ. ಗಟ್ಟಿಮುಟ್ಟಾದವರು ಅದನ್ನು ತಿನ್ನುತ್ತ ಕುಳಿತರೆ ಹಣೆ ಮುಟ್ಟಿ ನೋಡುವವರೂ ಉಂಟು. ಕಾಯಿಲೆಯವರನ್ನು ಬರಿಗೈಯಲ್ಲಿ ನೋಡಲು ಹೋಗಬಾರದು, ಕೈಯಲ್ಲಿ ಬ್ರೆಡ್ಡು ಇರಬೇಕು. ಊರಿನ ಬೇಕರಿ ನಡೆಯುವುದೇ ಊರವರ ಹೊಟ್ಟೆನೋವಿನ ಮೇಲೆ ಎಂದು ನನ್ನ ಗುಮಾನಿ.

ಈ ಜ್ಞಾನ ನನಗಾದದ್ದು ಆಸ್ಪತ್ರೆಯ ಮಂಚದ ಮೇಲೆ. ಎಂಬತ್ತರ ದಶಕದ ಮಾತು. ನಾನಾಗ ಇಲ್ಲಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದೆ. ಅಮೆಜಾನ್ ನದಿ ಎಲ್ಲಿ ಹುಟ್ಟುತ್ತದೆಂದು ಗೊತ್ತಿದ್ದವಳಿಗೆ ತನ್ನ ಅಪೆಂಡಿಕ್ಸ್ ಎಲ್ಲಿದೆಯೆಂದು ಅದು ಕೆಟ್ಟ ಮೇಲೇ ತಿಳಿಯಿತು. ಅದನ್ನು ಕೊಯ್ದು ತೆಗೆದು ಹೊಲಿಗೆ ಹಾಕಿದರು. ಏನಾದರೂ ತಿನ್ನಬಹುದಾದ ಹೊತ್ತು ಬಂದಾಗ ಡಾಕ್ಟರು ನೋವಿನ ಗುಳಿಗೆ ಕೊಟ್ಟು, "ಖಾಲಿ ಹೊಟ್ಟೀಲೆ ನುಂಗಬ್ಯಾಡ್ರಿ ಟೀಚರ. ಮೆತ್ತಗಿಂದು ಏನರ ತಿಂದು ತಗೋರಿ" ಎಂದರು. ಸರಳ ಮಾತು. ಆದರೆ ನನಗೆ ಗೋಧಿ ಆಗುವುದಿಲ್ಲ. ನೋಡಲು ಬಂದವರು ತಂದು ತಲೆದಿಂಬಿನ ಹತ್ತಿರ ಒಟ್ಟಿದ್ದ ಬ್ರೆಡ್ಡು ಮೊದಲಾದ ಮೆತ್ತಗಿನ ವಸ್ತುಗಳೆಲ್ಲ ಗೋಧಿಯವೇ.

ಗೋಧಿ ಆಗುವುದಿಲ್ಲ ಎಂದರೆ ಜನ ಜಾತಕದ ದೋಷ ಕೇಳಿದವರಂತೆ ಮುಖ ಮಾಡುತ್ತಾರೆ. ಬಹಳ ವರ್ಷ ಉಬ್ಬರ, ಭೇದಿ ಎಂದು ನರಳಿದ ಮೇಲೆ ಮಿರಜದ ಡಾಕ್ಟರೊಬ್ಬರು, ಗೋಧಿಯಲ್ಲಿರುವ ಗ್ಲುಟೆನ್ ನನ್ನ ಕರುಳಿಗೆ ವೈರಿ ಎಂದು ಹೇಳಿದ್ದರು. ಹೆಸರು ಹೊಸದು, ಪದಾರ್ಥ ಹಳೆಯದು. ಬೀಳಗಿಯ ನಮ್ಮ ಓಣಿಯಲ್ಲಿ ಹಸಿ ಗೋಧಿಕಾಳು ಬಾಯಿಗೆ ಹಾಕಿ, ಅಗಿದಗಿದು ಹಾಲು ನುಂಗಿ, ಕೊನೆಗೆ ಉಳಿಯುವ ಅಂಟನ್ನು ಎಳೆದಾಡಿ ಆಡುತ್ತಿದ್ದೆವಲ್ಲ, ಅದೇ! ಅಷ್ಟು ಪ್ರೀತಿಯಿಂದ ಅಗಿದದ್ದು ವೈರಿಯಾಯಿತೆಂದರೆ ಸೋಜಿಗವಲ್ಲವೇ? ಹಾಗೆ ನೋಡಿದರೆ ನನಗೆ ಅಡಚಣೆಯೇನೂ ಇರಲಿಲ್ಲ. ಜೋಳದ ನಾಡಿನವಳು, ರೊಟ್ಟಿ ಝುಣಕ ಇದ್ದೇ ಇತ್ತು. ಹೋಳಿಗೆಯ ದಿನ ಬರೇ ಹೂರಣ ತಿಂದು, ಕಣಕ ಬಿಟ್ಟವಳೇ ಜಾಣೆ ಎಂದು ಬೀಗುತ್ತಿದ್ದೆ.

ನೋವಿನ ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆ ನೋವಿಗೆ ಒಂದೇ ಹೆಸರು ಸಾಲದು. ಹೊಟ್ಟೆ ಕಡಿಯುತ್ತದೆ, ಕಾಲು ಹರಿಯುತ್ತವೆ, ತಲೆಗೆ ಶೂಲಿ ಏಳುತ್ತದೆ, ಬೆನ್ನಿಗೆ ಚಳಕು ಹೊಡೆಯುತ್ತದೆ. ನನ್ನದು ಇದರಲ್ಲಿ ಯಾವ ಜಾತಿ ಎಂದು ಮಲಗಿದಲ್ಲೇ ಪರೀಕ್ಷೆ ನಡೆಸಿದೆ. ಸುಮ್ಮನಿದ್ದರೆ ಉರಿ, ಹೊರಳಿದರೆ ಚಳಕು, ಕೆಮ್ಮಿದರೆ ಮಾತ್ರ ಹೆಸರಿಲ್ಲದ್ದು. ಕುತೂಹಲವೂ ಒಂದು ಔಷಧಿಯೇ, ಖರೆ. ಆದರೆ ಅದರ ಗುಣ ಬೇಗ ಇಳಿಯುತ್ತದೆ. ಆಮೇಲೆ ಬೇಕಾದದ್ದು ಗುಳಿಗೆ, ಅದಕ್ಕೂ ಮುಂಚೆ ಒಂದು ತುತ್ತು.

ಆ ತುತ್ತು ನಮ್ಮತ್ತೆಯ ಕೈಯಲ್ಲಿತ್ತು. ನನ್ನ ಆರೈಕೆಗೆಂದು ಗಲಗಲಿಯಿಂದ ಬಸ್ಸು ಹಿಡಿದು ಬಂದು ನಮ್ಮ ಒಲೆಯ ಅಧಿಕಾರ ವಹಿಸಿಕೊಂಡಿದ್ದರು. ಡಬ್ಬಿ ತೆರೆದರೆ ಬೆಲ್ಲದ ಘಮ, ತುಪ್ಪದ ಹೊಳಪು. ನಮ್ಮ ಕಡೆಯ ಸಿಹಿ ಗಂಜಿ, ಸಜ್ಜಕ!

"ಅತ್ಯಾ, ನನಗ ಗೋಧಿ ನಡ್ಯಂಗಿಲ್ರೀ."

"ಗೋಧಿ ಎಲ್ಲಿ ಹಾಕೇನಿ ತಂಗಿ? ಬರೇ ರವಾ ಐತಿ."

ನಗು ಬಂತು. ಹೊಲಿಗೆ ಇದ್ದವರು ನಗಬಾರದು, ಯವ್ವಾ ಎಂದು ಹೊಟ್ಟೆ ಹಿಡಿದುಕೊಂಡೆ. ಮರುದಿನ ಶಾವಿಗೆ ಪಾಯಸ ಬಂತು. ಅದೂ ಗೋಧಿಯಲ್ಲ, ಬರೇ ಶಾವಿಗೆ. ನಮ್ಮ ಹಿರಿಯರ ಲೆಕ್ಕದಲ್ಲಿ ಗೋಧಿ ಚೀಲದಲ್ಲಿರುವ ತನಕ ಗೋಧಿ, ಗಿರಣಿಗೆ ಹೋಗಿ ಬಂದರೆ ಅದರ ಕುಲವೇ ಬೇರೆ. ಅನ್ನ ಉಂಡರೆ ಗಾಯಕ್ಕೆ ಕೀವು, ಬಾಳೆಹಣ್ಣು ಥಂಡಿ ಎಂಬುದೂ ಅತ್ತೆಯ ಶಾಸ್ತ್ರವೇ.

"ಜ್ವಾಳದ ನುಚ್ಚು ಮೆತ್ತಗ ಕುದಿಸಿ, ಮಜ್ಜಿಗಿ ಹಾಕಿ ತರ್ರಿ ಅತ್ಯಾ" ಎಂದೆ.

ಅತ್ತೆಯ ಮುಖ ಇಳಿಯಿತು. ಜೋಳ ವಜ್ಜ, ಹೊಟ್ಟೆಗೆ ಭಾರ, ಹೊಲಿಗೆ ಬಿಚ್ಚುತ್ತವೆ ಎಂದರು. ನುಚ್ಚು ಉಣ್ಣಲು ಅಡ್ಡಿಯಿಲ್ಲವೆಂದು ಡಾಕ್ಟರೇ ಹೇಳಿದ್ದಾರೆ ಎಂದೆ. ಆಗ ಅತ್ತಿತ್ತ ನೋಡಿ, ದನಿ ತಗ್ಗಿಸಿದರು: "ಬಂದ ಮಂದಿ ಡಬ್ಬಿ ತಗದ ನೋಡ್ತಾರ. ಆಪರೇಶನ್ ಆದ ಸೊಸಿಗೆ ನುಚ್ಚ ಹಾಕ್ಯಾಳ ಅಂದ್ರ ನಾ ಎಲ್ಲಿ ಮಾರಿ ತೋರಸ್ಲಿ?"

ಮಾತು ಸುಳ್ಳಲ್ಲ. ನೋಡಲು ಬಂದವರು ನೋವು ಹೇಗಿದೆ ಎಂದು ಕೇಳುತ್ತಲೇ ಡಬ್ಬಿಯ ಮುಚ್ಚಳ ಎತ್ತುತ್ತಾರೆ. ಮನೆಯವರು ಎಂಥವರೆಂದು ತಿಳಿಯುವುದು ಅಲ್ಲಿಯೇ. ಗೋಧಿ, ತುಪ್ಪ ಇದ್ದರೆ ಮರ್ಯಾದೆ. ನುಚ್ಚು ಯಾರ ಮನೆಯಲ್ಲೂ ಇರುವಂಥದ್ದು, ಅದೇ ಅದರ ತಪ್ಪು. ನನಗೆ ಸಿಟ್ಟು ಬಂತು, ಸಿಟ್ಟಿಗಿಂತ ಹೆಚ್ಚು ಅಳು ಬಂತು. ಗುಳಿಗೆ ಅಂಗೈಯಲ್ಲಿದೆ, ನೋವು ಹೊಟ್ಟೆಯಲ್ಲಿದೆ, ನಡುವೆ ಮಂದಿಯ ಬಾಯಿ. "ಬ್ಯಾನಿ ತಡಿಯಾಕ ಆಗವಲ್ದ್ರೀ ಅತ್ಯಾ" ಎಂದು ಅತ್ತೇಬಿಟ್ಟೆ. ಅವರು ಡಬ್ಬಿ ಮುಚ್ಚಿಕೊಂಡು ಎದ್ದು ಹೋದರು.

ಮಧ್ಯಾಹ್ನ ಎರಡು ಅಂತಸ್ತಿನ ಡಬ್ಬಿ ಬಂತು. ಮೇಲಿನದರಲ್ಲಿ ಸಜ್ಜಕ, ಕೆಳಗಿನದರಲ್ಲಿ ನುಚ್ಚು ಮಜ್ಜಿಗೆ. "ಮ್ಯಾಲಿಂದು ಮಂದಿಗೆ, ಕೆಳಗಿಂದು ನಿನಗ" ಎಂದರು. ಉಂಡೆ, ಗುಳಿಗೆ ನುಂಗಿದೆ. ಸ್ವಲ್ಪ ಹೊತ್ತಿಗೆ ಉರಿ ಇಳಿದು ಮೈ ನನ್ನದಾಯಿತು. ದಿನಾ ಹೀಗೇ ನಡೆಯಿತು. ಬಂದವರು ಮೇಲಿನ ಮುಚ್ಚಳ ಎತ್ತುವರು, ಸಜ್ಜಕ ನೋಡಿ ತಲೆದೂಗುವರು. ಅತ್ತೆಗೂ ನನಗೂ ಸಮಾಧಾನ.

ಒಂದು ದಿನ ಬನಹಟ್ಟಿಯಿಂದ ಅತ್ತೆಯ ಬೀಗತಿ ಬಂದರು. ನನ್ನ ನಾದಿನಿಯ ಅತ್ತೆ. ಯಾರ ಮುಂದೆ ತಲೆ ತಗ್ಗಿದರೂ ಬೀಗರ ಮುಂದೆ ತಗ್ಗಬಾರದಲ್ಲ! ಅವರು ಮೇಲಿನ ಮುಚ್ಚಳ ಎತ್ತಿದರು, ಛಲೋ ಐತಿ ಎಂದರು. ಅಷ್ಟಕ್ಕೇ ಬಿಡದೆ ಮೇಲಿನ ಡಬ್ಬಿಯನ್ನೇ ಎತ್ತಿಟ್ಟು ಕೆಳಗೆ ನೋಡಿದರು.

"ಇದೇನ್ರೀ, ನುಚ್ಚು?"

ಅತ್ತೆಯ ಮುಖ ನೋಡಲಾರದೆ, "ಅದು ಅತ್ಯಾರ ಊಟ..." ಎಂದು ಶುರು ಮಾಡಿದೆ.

"ಸುಳ್ಳ ಹೇಳಬ್ಯಾಡ ತಂಗಿ" ಎಂದು ಅತ್ತೆ ನನ್ನ ಬಾಯಿ ಮುಚ್ಚಿಸಿದರು. ಆಮೇಲೆ ಸೆರಗು ಸರಿಮಾಡಿಕೊಂಡು ಬೀಗತಿಯ ಕಡೆ ತಿರುಗಿದರು. "ನುಚ್ಚ ಹೌದ್ರಿ. ನಾನಽ ಕುದಿಸೇನಿ. ಸಜ್ಜಕ ನಿಮಗ ತೋರಸಾಕ, ನುಚ್ಚು ಆಕಿ ಉಣ್ಣಾಕ. ಗೋಧಿ ಆಕೀಗಿ ವಿಷ ಆಗೇತಿ. ನಿಮ್ಮ ಸಲುವಾಗಿ ತಿನಸ್ತೀನಿ, ಆಕಿ ಬ್ಯಾನಿ ನೀವು ತಿಂತೀರೇನು?"

ಬೀಗತಿ ಅತ್ತೆಯನ್ನು ನೋಡಿದರು, ನನ್ನನ್ನು ನೋಡಿದರು, ಸಜ್ಜಕವನ್ನು ನೋಡಿದರು. "ಬರೇ ತೋರಿಸಿ ಒಳಗ ಇಡ್ತೀರೇನ್ರಿ ಮತ್ತ? ಒಂದು ಚಮಚಾ ಕೊಡ್ರಿ" ಎಂದು ಕುಳಿತೇಬಿಟ್ಟರು.

ನನಗೆ ನಗುವೂ ಬಂತು, ಅಳುವೂ ಬಂತು. ಎರಡಕ್ಕೂ ಹೊಲಿಗೆ ಸಮನಾಗಿ ಎಳೆಯುತ್ತದೆಂಬ ಸಂಗತಿಯನ್ನು ಅಂದು ಕಂಡುಕೊಂಡೆ. ಮದುವೆಯಾಗಿ ಅಷ್ಟು ವರ್ಷವಾಗಿದ್ದರೂ ಅತ್ತೆ ನನ್ನ ಪರವಾಗಿ ನಾಲ್ಕು ಜನರ ಮುಂದೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅಂಥ ಮಾತು ಇನ್ನೊಮ್ಮೆ ಕೇಳಲು ಸಿಗುವುದಾದರೆ ಇನ್ನೊಂದು ಅಪೆಂಡಿಕ್ಸ್ ಕೊಡಲೂ ನಾನು ತಯಾರಿದ್ದೆ. ಏನು ಮಾಡಲಿ, ದೇವರು ಇಟ್ಟಿರುವುದು ಒಂದೇ.