ಸೋದರಮಾವನ ಸಮುದ್ರಯಾನ

ನಾನು ಒಮಾನಿನ ಖಸಬಿನಲ್ಲಿ ಪ್ರವಾಸಿಗರನ್ನು ಸುತ್ತಾಡಿಸುವ ದೋಣಿಯೊಂದರ ಅಡಿಗೆಯವನು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಗ್ರೀಕರ ಹಳೆಯ ಕಾವ್ಯದ ಸುದ್ದಿ ತಿಳಿದದ್ದು ಕಳೆದ ವರ್ಷ, ತಂಗಿಯ ಮಗಳಿಂದ. ಅವರ ಮನೆ ಮಸ್ಕತ್ತಿನ ಅಲ್ ಅಜೈಬಾದಲ್ಲಿ. ತಂಗಿಯೂ ನಾನೂ ಒಂದೇ ದೇಶದಲ್ಲಿದ್ದೇವೆ ಎಂಬುದನ್ನು ದಯವಿಟ್ಟು ನೆನಪಿಡಿ.

ಹುಡುಗಿ ಶಾಲೆಯ ಪ್ರಾಜೆಕ್ಟಿಗೆಂದು ಓದಿದ ಕಥೆಯನ್ನು ವೀಡಿಯೊ ಕಾಲಿನಲ್ಲಿ ಹೇಳಿದಳು. ಒಬ್ಬ ವೀರ ಯುದ್ಧ ಗೆದ್ದು ಊರಿಗೆ ಹೊರಡುತ್ತಾನೆ. ಸಮುದ್ರದ ದೇವರಿಗೆ ಅವನ ಮೇಲೆ ಕೋಪ. ದಾರಿಯಲ್ಲಿ ಬಿರುಗಾಳಿ, ಒಂಟಿಕಣ್ಣಿನ ರಾಕ್ಷಸ, ಹಾಡಿ ಸೆಳೆಯುವ ಹೆಂಗಸರು. ಮನೆ ಮುಟ್ಟಲು ವರ್ಷಗಟ್ಟಲೆ ಹಿಡಿಯುತ್ತದೆ. ಅತ್ತ ಅವನ ಹೆಂಡತಿ, ಬೇರೆ ಗಂಡನನ್ನು ಆರಿಸಿಕೋ ಎಂದು ಪೀಡಿಸುವವರಿಗೆ ಏನೇನೋ ನೆಪ ಹೇಳುತ್ತಾ ಕಾಯುತ್ತಾಳೆ.

“ನಿಮ್ಮ ಹಾಗೇ, ಮಾಮ. ನೀವು ಹೊರಟಾಗ ಎವ್ರಿ ಟೈಮ್ ಸ್ಟಾರ್ಮ್ ಬಂತಂತಲ್ಲ? ಅಮ್ಮ ಹೇಳಿದ್ರು. ಬೋಟ್ ಮುಳುಗ್ತಿತ್ತಾ?”

ನಾನು ಸಾರಿಗೆ ಎರಡನೇ ಸಲ ಉಪ್ಪು ಹಾಕಿದೆ.

ನಮ್ಮ ಮನೆತನದಲ್ಲಿ ಮಗುವಿನ ಕಿವಿ ಚುಚ್ಚಲು ಸೋದರಮಾವನ ಮಡಿಲು ಬೇಕು. ಇವಳ ಮೊದಲ ಹುಟ್ಟುಹಬ್ಬಕ್ಕೆ ನನ್ನನ್ನು ಕರೆದಿದ್ದರು. ಕಿವಿಗೆ ಇಡಲು ಚಿನ್ನದ ಪುಟ್ಟ ಟಿಕ್ಕಿಗಳನ್ನೂ ಕೊಂಡಿದ್ದೆ. ಆದರೆ ನನ್ನನ್ನು ಹಾಡಿ ಸೆಳೆದವರು ಇಸ್ಪೀಟಿಗೆ ಕೂತ ರೂಮಿನವರು. ಒಂಟಿಕಣ್ಣಿನ ರಾಕ್ಷಸನೆಂದರೆ ಕೆಂಪು ದೀಪದ ಎಸಿ. ಅದರ ತಂಪಿಗೆ ಮಲಗಿದವನು ಎದ್ದಾಗ ಮಸ್ಕತ್ತಿನ ಫೆರಿ ಹೋಗಿಯಾಗಿತ್ತು. ತಂಗಿಗೆ ಫೋನ್ ಮಾಡಿ, “ಗಾಳಿ ಜೋರುಂಟು ಮಾರಾಯ್ತಿ, ಫೆರಿ ಬಿಡುದಿಲ್ಲವಂತೆ” ಎಂದೆ. ಆ ದಿನ ಸಮುದ್ರ ಬಾಣಲೆಯಲ್ಲಿ ಹೊಯ್ದ ಎಣ್ಣೆಯ ಹಾಗೆ ಸುಮ್ಮನಿತ್ತು.

ಮರುವರ್ಷ ಮುಖ ತೋರಿಸಲು ನಾಚಿಕೆ. ಮತ್ತೆ ಗಾಳಿ ಬೀಸಿಸಿದೆ. ಅದರ ಮರುವರ್ಷ ನಾಚಿಕೆ ಇನ್ನೂ ಹೆಚ್ಚಿತು, ಗಾಳಿಯೂ ಹೆಚ್ಚಿತು. ಸಮುದ್ರದ ದೇವರು, ಪಾಪ, ಏನೂ ಮಾಡದೆ ಕೆಟ್ಟ ಹೆಸರು ತಗೊಂಡ.

ತಂಗಿ ಮಾತ್ರ ಮಗಳ ಕಿವಿ ಚುಚ್ಚಿಸಲಿಲ್ಲ. ಗಂಡನ ಮನೆಯವರು ದೂರದ ಸಂಬಂಧದ ಮಾವನೊಬ್ಬನನ್ನು ಹುಡುಕಿ ತಂದಾಗ ಮಗುವಿಗೆ ಶೀತ ಎಂದಳು. ಪಕ್ಕದ ಫ್ಲಾಟಿನವರು ಮಾಲ್‌ನಲ್ಲೇ ಚುಚ್ಚಿಸೋಣ ಎಂದಾಗ ಪರೀಕ್ಷೆ ಎಂದಳು. ಕ್ಲಾಸಿನ ಹುಡುಗಿಯರೆಲ್ಲ ಜುಮುಕಿ ಕುಣಿಸುವಾಗ ಇವಳದು ಬೋಳು ಕಿವಿ.

ಫೋನಿನಲ್ಲಿ ಹುಡುಗಿ ಬಿಡಲಿಲ್ಲ. “ಹೇಳಿ ಮಾಮ, ಪ್ರಾಜೆಕ್ಟಲ್ಲಿ ಆ ಹೀರೋ ಪಕ್ಕ ನಿಮ್ಮ ಫೋಟೋ ಹಾಕ್ತೇನೆ.”

“ಬಂದು ಹೇಳ್ತೇನೆ” ಎಂದುಬಿಟ್ಟೆ. ರಜೆ ಕೇಳಿದೆ, ಸಿಕ್ಕಿತು. ಅಷ್ಟು ವರ್ಷವೂ ಕೇಳಿದ್ದರೆ ಸಿಗುತ್ತಿತ್ತು. ಫೆರಿಯಲ್ಲಿ ಒಬ್ಬ ರಾಕ್ಷಸನೂ ಎದುರಾಗಲಿಲ್ಲ. ಟಿಕೆಟ್ ನೋಡುವವನು “ಯಲ್ಲಾ, ಯಲ್ಲಾ” ಎಂದು ಬೇಗ ನಡೆಯಲು ಗದರಿದ್ದೇ ದೊಡ್ಡ ಗಂಡಾಂತರ.

ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ತಾಯಿ ಮಗಳಿಬ್ಬರಿಗೂ ಹೇಳಿದೆ: “ಬಿರುಗಾಳಿ ಯಾವತ್ತೂ ಇರ್ಲಿಲ್ಲ. ಮೊದಲ ಸಲ ನಾನು ಮಲಗಿಬಿಟ್ಟಿದ್ದೆ. ಆಮೇಲೆ ಬರ್ಲಿಕ್ಕೆ ಮುಖ ಇರ್ಲಿಲ್ಲ.”

“ಅಣ್ಣ, ಫೆರಿಯ ಆಫೀಸಿಗೆ ನಾನು ಅವತ್ತೇ ಫೋನ್ ಮಾಡಿ ಕೇಳಿದ್ದೆ” ಎಂದಳು ತಂಗಿ. “ಮಗಳಿಗೆ ಎಂತ ಹೇಳುದು? ನಿನ್ನ ಮಾಮನಿಗೆ ನೀನು ಬೇಡ ಅಂತಲಾ?”

ಹುಡುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಸೋ, ನೀವು ಹೀರೋ ಅಲ್ವಾ?”

“ಅಲ್ಲ.”

“ಪ್ರಾಜೆಕ್ಟ್ ಸಬ್ಮಿಟ್ ಆಯ್ತಲ್ಲ ಮಾಮ! ಈಗ ಚೇಂಜ್ ಮಾಡ್ಲಿಕ್ಕೆ ಆಗುದಿಲ್ಲ.”

ಮರುದಿನ ಅಕ್ಕಸಾಲಿಗರು ಬಂದರು. “ಐ ಆಮ್ ಟೂ ಬಿಗ್” ಎಂದು ಗೊಣಗುತ್ತಲೇ ಅವಳು ನನ್ನ ಮಡಿಲಲ್ಲಿ ಕೂತಳು. ಅಕ್ಕಿಯ ಮೂಟೆಗಿಂತ ಭಾರ. ಮೊದಲ ಕಿವಿಗೆ ಕಿರುಚಿ ನನ್ನ ಹೆಬ್ಬೆರಳನ್ನು ತಿರುಚಿದಳು. ವರ್ಷದ ಕೂಸಿಗೆಂದು ಕೊಂಡ ಟಿಕ್ಕಿಗಳು ಆ ದೊಡ್ಡ ಕಿವಿಗಳಲ್ಲಿ ಸಾಸಿವೆಯಷ್ಟು ಕಂಡವು.

ಕಥೆಯ ಆ ವೀರ ಕೊನೆಗೆ ಮನೆ ಮುಟ್ಟಿದಾಗ, ತೊಡೆಯ ಹಳೇ ಗಾಯ ನೋಡಿ ಮನೆಯ ಮುದುಕಿ ಅವನ ಗುರುತು ಹಿಡಿದಳಂತೆ. ನನ್ನ ತೊಡೆ ಆಗಲೇ ಜೋಮು ಹಿಡಿದಿತ್ತು. ಹುಡುಗಿಗೆ ಏಳು ಎನ್ನಲು ಮಾತ್ರ ನನಗೆ ಬಾಯಿ ಬರಲಿಲ್ಲ.