ಸೆವ್ರಿನ್ ಮಾವ್ಶಿ ಬಟ್ಟೆ ನೋಡಲಿಲ್ಲ

ಸತ್ತವರು ಬಂದರು, ಬಾಗಿಲು ತಟ್ಟಿದರು ಎಂಬ ಕಥೆಗಳನ್ನು ನಾನು ಹಿರಿಯರ ಬಾಯಿಂದ ಬೇಕಾದಷ್ಟು ಕೇಳಿದ್ದೇನೆ, ಉಪ್ಪುಖಾರ ಸೇರಿಸಿ ಹೇಳಿದ್ದೂ ಉಂಟು. ನಂಬಿದ್ದು ಮಾತ್ರ ಇಲ್ಲ. ನನ್ನ ಕಸುಬೇ ಹಾಗೆ: ಕಂಪ್ಯೂಟರಿಗೆ ನಾವು ಎಂತ ಹೇಳುತ್ತೇವೋ ಅದು ಅಷ್ಟನ್ನೇ ಮಾಡುತ್ತದೆ. ಈಗ ಹೇಳುವುದನ್ನು ನೀವು ನಂಬಲೇಬೇಕು ಎಂಬ ಹಠ ನನಗಿಲ್ಲ.

ಆಗ ನಾನೂ ರೋಶನನೂ ಕುಲಶೇಖರದಲ್ಲಿ ಒಂದು ಬೇಕರಿಯ ಮೇಲಿನ ಕೋಣೆ ಹಿಡಿದು ವೆಬ್‌ಸೈಟ್ ಮಾಡಿಕೊಡುತ್ತಿದ್ದೆವು. ರೋಶನನ ತಾಯಿ ಕುವೈತಿನಲ್ಲಿ ನರ್ಸ್. ಅವನು ಉಂಡು ಬೆಳೆದದ್ದು ನಮ್ಮ ಮನೆಯಲ್ಲಿ, ನನ್ನ ತಾಯಿಯ ಅಕ್ಕ ಸೆವ್ರಿನ್ ಮಾವ್ಶಿಯ ಕೈಯಿಂದ. ಮಾವ್ಶಿಗೊಂದು ಚಾಳಿ ಇತ್ತು. ಯಾವ ಅಂಗಡಿಗೆ ಹೋಗಲಿ, ಸಾಮಾನಿನ ಮೇಲೆ ಕಣ್ಣು ಹಾಕುವ ಮೊದಲು "ಅಂಗಡಿ ಯಾರದ್ದು?" ಎಂದು ಕೇಳಬೇಕು. ಅದು ತಿಳಿಯದೆ ಒಂದು ಗುಂಡಿಯನ್ನೂ ಕೊಳ್ಳುತ್ತಿರಲಿಲ್ಲ. ನಾವಿಬ್ಬರೂ ನಾಚಿಕೆಯಿಂದ ಮಾರು ದೂರ ನಿಲ್ಲುತ್ತಿದ್ದೆವು.

ಆ ವರ್ಷ ಬಟ್ಟೆ ವ್ಯಾಪಾರಿ ಹಮೀದಾಕ ಹಬ್ಬದ ಮಾರಾಟವನ್ನು ಆನ್‌ಲೈನಿನಲ್ಲಿ ಇಡುವುದೆಂದು ತೀರ್ಮಾನಿಸಿದರು. ಜನ ಒಮ್ಮೆಲೇ ನುಗ್ಗಿದರೆ ಎಂಥ ವೆಬ್‌ಸೈಟೂ ಮಕಾಡೆ ಮಲಗುತ್ತದೆ. ಅದಕ್ಕೇ ನಾವು ಮೊದಲೇ ಸಾವಿರಾರು ಸುಳ್ಳು ಗಿರಾಕಿಗಳನ್ನು ಹುಟ್ಟಿಸಿ ಒಳಗೆ ನುಗ್ಗಿಸಿ ನೋಡುವುದು. ಬದುಕಿರುವವರ ಹೆಸರಿಟ್ಟರೆ ತಪ್ಪಿ ಯಾರ ಮನೆಗಾದರೂ ಆರ್ಡರ್ ಹೋದೀತೆಂದು ತೀರಿಹೋದ ನಮ್ಮ ಬಂಧುಗಳ ಹೆಸರುಗಳನ್ನೇ ತಿರುಗಿಸಿ ಮುರುಗಿಸಿ ಇಡುತ್ತಿದ್ದೆವು. "ಪಾಪ, ಸತ್ತ ಮೇಲಾದ್ರೂ ಶಾಪಿಂಗ್ ಮಾಡ್ಲಿ ಮಾರಾಯ" ಎಂದು ರೋಶನ್ ನಗುತ್ತಿದ್ದ. ಮಾವ್ಶಿ ಹೋದ ಮೇಲೆ ಅವಳ ಹೆಸರನ್ನು ಸೇರಿಸಿದ್ದೂ ಅವನೇ, ಕಣ್ಣೊರೆಸಿಕೊಂಡು.

ಎಲ್ಲ ಗಿರಾಕಿಗಳಿಗೂ ಒಂದೇ ದಾರಿ: ಬಾ, ಬಟ್ಟೆ ನೋಡು, ಚೀಲಕ್ಕೆ ಹಾಕು, ಹೋಗು.

ಅಂದು ಸಂಜೆ ರೋಶನ್ ಕಾವೂರಿನಲ್ಲಿ ತಂಗಿಯೊಬ್ಬಳಿಗೆ ಮದುವೆಯ ಮುನ್ನಾದಿನ ತೆಂಗಿನ ಹಾಲು ಹಚ್ಚುವ ರೋಸ್ ಉಂಟೆಂದು ಹೋಗಿದ್ದ. ನಾನೊಬ್ಬನೇ ಪರೀಕ್ಷೆಗೆ ಕೂತೆ. ಗಿರಾಕಿಗಳು ಹೆಚ್ಚಿದಂತೆ ವೆಬ್‌ಸೈಟ್ ಏದುಸಿರು ಬಿಡತೊಡಗಿತು. ಸೀರೆಗಳ ಚಿತ್ರಗಳು ಭಾರವಾಗಿದ್ದವು, ಹಗುರ ಮಾಡಿದೆ. ಲವಲವಿಕೆಯಿಂದ ಓಡಿತು. ಇನ್ನಷ್ಟು ಜನರನ್ನು ನುಗ್ಗಿಸಿದೆ. ಎಲ್ಲರೂ ಬಂದು ಹೋದರು, ಒಬ್ಬರು ಉಳಿದರು. ಪರದೆಯ ಮೇಲೆ ಸೆವ್ರಿನ್ ಮಾವ್ಶಿಯ ಹೆಸರು. ಅವಳು ಬಟ್ಟೆಯ ಹತ್ತಿರವೇ ಸುಳಿದಿರಲಿಲ್ಲ. 'ನಮ್ಮ ಬಗ್ಗೆ' ಎಂಬ ಪುಟದಲ್ಲಿ ನಿಂತಿದ್ದಳು. ಆ ಪುಟಕ್ಕೆ ಹೋಗೆಂದು ನಾನು ಯಾರಿಗೂ ಹೇಳಿರಲಿಲ್ಲ.

ನಿಲ್ಲಿಸಿ ಮತ್ತೆ ಶುರು ಮಾಡಿದೆ. ಮತ್ತೆ ಅಲ್ಲೇ. ಬರೆದದ್ದನ್ನೆಲ್ಲ ಸಾಲುಸಾಲಾಗಿ ನೋಡಿದೆ, ತಪ್ಪಿಲ್ಲ. ಮತ್ತೊಮ್ಮೆ ಓಡಿಸಿದೆ. ಉಳಿದವರೆಲ್ಲ ಬಟ್ಟೆಗೆ, ಅವಳೊಬ್ಬಳು ಅಲ್ಲಿಗೆ.

ಕೊನೆಗೆ ಆ ಪುಟವನ್ನು ತೆರೆದೆ. ಮೇಲೆ ಹಮೀದಾಕನ ಫೋಟೊ. ಕೆಳಗೆ, ವೆಬ್‌ಸೈಟ್ ನೋಡಿಕೊಳ್ಳುವವರೆಂದು ನಮ್ಮಿಬ್ಬರ ಹೆಸರಿದ್ದ ಜಾಗದಲ್ಲಿ ರೋಶನನದ್ದು ಮಾತ್ರ. ಜೊತೆಗೆ ನಾನು ಕೇಳರಿಯದ ಒಂದು ಕಂಪನಿ, ಶಕ್ತಿನಗರದ ವಿಳಾಸ.

ಹಮೀದಾಕನಿಗೆ ಫೋನ್ ಮಾಡಿದೆ. "ಅರೆ, ನೀವು ದುಬೈಗೆ ಹೋಗಿ ಆಗ್ಲಿಲ್ವಾ?" ಎಂದರು. "ಇನ್ನು ಎಲ್ಲ ನಾನೇ ನೋಡ್ತೇನೆ ಅಂತ ರೋಶನ್ ಹೇಳಿದ್ದು. ನಿಮ್ಗೆ ಒಳ್ಳೇದಾಗ್ಲಿ ಅಂತ ನಾನು ದುವಾ ಕೂಡ ಮಾಡಿದೆ ಮಾರಾಯ್ರೇ!"

ಪಾಸ್‌ಪೋರ್ಟ್ ಕೂಡ ಇಲ್ಲದ ನಾನು ನಮ್ಮ ಗಿರಾಕಿಗಳ ಪಾಲಿಗೆ ಆಗಲೇ ಗಲ್ಫ್ ಸೇರಿಬಿಟ್ಟಿದ್ದೆ.

ರೋಶನನಿಗೆ ಫೋನ್ ಮಾಡಿದಾಗ ಹಿಂದಿನಿಂದ ಬ್ಯಾಂಡಿನ ಸದ್ದು. ಅವನು ಇಲ್ಲವೆನ್ನಲಿಲ್ಲ. "ಹಬ್ಬ ಮುಗಿದ ಮೇಲೆ ನಾನೇ ಹೇಳುವವನಿದ್ದೆ. ಎರಡು ಸಂಸಾರ ಒಂದು ಕೋಣೆಯ ಸಂಪಾದನೆಯಲ್ಲಿ ನಡೀತದಾ? ನೀನೇ ಹೇಳು" ಎಂದ. ಆಮೇಲೆ, "ನಿಂಗೆ ಯಾರು ಹೇಳಿದ್ದು?"

"ಸೆವ್ರಿನ್ ಮಾವ್ಶಿ" ಎಂದೆ. ನಡೆದದ್ದನ್ನು ಹೇಳಿದೆ.

ನಗುತ್ತಾನೆ, ಇಲ್ಲವೆ ಬೈಯುತ್ತಾನೆ ಎಂದುಕೊಂಡಿದ್ದೆ. ಎರಡೂ ಇಲ್ಲ. ಬ್ಯಾಂಡಿನ ಸದ್ದು ದೂರವಾಯಿತು. ಅವನು ಎದ್ದು ಹೊರಗೆ ಬಂದಿರಬೇಕು. ಧ್ವನಿ ತಗ್ಗಿಸಿ ಕೇಳಿದ: "ಮಾವ್ಶಿ ಬೇರೆ ಎಂತ ನೋಡಿದ್ದು?"

ನಾನು ಫೋನ್ ಇಟ್ಟುಬಿಟ್ಟೆ.

ಮರುದಿನ ಅದೇ ಪರೀಕ್ಷೆ ಓಡಿಸಿದಾಗ ಮಾವ್ಶಿ ಎಲ್ಲರಂತೆ ಬಂದಳು, ಬಟ್ಟೆ ನೋಡಿದಳು, ಹೋದಳು. ಪ್ರೋಗ್ರಾಮಿನಲ್ಲಿ ಬರೆದ ಹಳೆಯ ಸಾಲೊಂದು ಎಲ್ಲೋ ಉಳಿದಿರಬೇಕು ಎನ್ನುತ್ತಾರೆ ತಿಳಿದವರು. ಇದ್ದರೂ ಇರಬಹುದು; ನನಗಂತೂ ಸಿಗಲಿಲ್ಲ. ರೋಶನ್ ಈಗಲೂ ಇದೇ ಊರಿನಲ್ಲಿದ್ದಾನೆ, ಚರ್ಚಿನಲ್ಲಿ ಕಂಡರೆ ತಲೆಯಾಡಿಸುತ್ತೇವೆ. ಮಾವ್ಶಿ ಆ ಪುಟದಲ್ಲಿ ಯಾಕೆ ನಿಂತಳೋ ನನಗೆ ಗೊತ್ತಿಲ್ಲ. ಅವಳು ಇನ್ನೆಂತದನ್ನು ನೋಡಿಬಿಟ್ಟಳೋ ಎಂದು ಅವನು ಅಂದು ಹೆದರಿದ್ದನಲ್ಲ, ಅದು ಎಂತದೆಂದೂ ಗೊತ್ತಿಲ್ಲ.