ಮೊದಲು ದಡ ಮುಟ್ಟಿದವನು

ಆನೆಗೊಂದಿಯ ಅಂಬಿಗ ಈಶಪ್ಪನಿಗೆ ತೋಳಿನಲ್ಲಿ ಕಸುವಿತ್ತು, ತಲೆಯಲ್ಲಿ ಗಾಳಿ. ೧೯೩೦ರ ಮಳೆಗಾಲದಲ್ಲಿ ಹಂಪಣ್ಣ ಮಾಸ್ತರರು ಹೊಳೆದಂಡೆಯಲ್ಲಿ ಕೂತು ಪತ್ರಿಕೆಯ ಸುದ್ದಿ ಓದಿ ಹೇಳಿದರು. ವಿಲಾಯತಿಯ ಸರೋವರದಲ್ಲಿ ಒಬ್ಬ ದೊರೆ ಮೋಟಾರು ದೋಣಿಯನ್ನು ತಾಸಿಗೆ ನೂರು ಮೈಲಿಯ ಹತ್ತಿರ ಓಡಿಸಿ ದಾಖಲೆ ಮಾಡಿದನಂತೆ. ಮತ್ತೊಮ್ಮೆ ಓಡಿಸಲು ಹೋಗಿ, ತೇಲುವ ಮರದ ತುಂಡಿಗೆ ಬಡಿದು ದೋಣಿ ಮಗುಚಿತಂತೆ. ದೊರೆಯೂ ಸತ್ತ, ಜೊತೆಗಿದ್ದ ಒಬ್ಬನೂ ಸತ್ತ.

ನಮ್ಮ ಈಶಪ್ಪನ ಕಿವಿಗೆ ಬಿದ್ದದ್ದು ನೂರು ಮೈಲಿ ಮಾತ್ರ. “ಈ ಹೊಳಿಯೊಳಗ ನನಗಿಂತ ಜೋರು ಯಾರದಾರ್ರಿ?” ಎಂದು ಇನ್ನೊಬ್ಬ ಅಂಬಿಗ ಓಬಳೆಪ್ಪನನ್ನು ಪಂದ್ಯಕ್ಕೆ ಕರೆದೇಬಿಟ್ಟ. ತೀರ್ಪು ಹೇಳಲು ಮಾಸ್ತರರು ಆಚೆ ದಡದಲ್ಲಿ ನಿಂತರು.

ತೊಗಲಿನ ಹರಿಗೋಲನ್ನು ಆಗಾಗ ಬೋರಲು ಹಾಕಿ ಒಣಗಿಸಬೇಕು. ನೆಂದ ತೊಗಲು ಕಡ್ಡಿ ಚುಚ್ಚಿದರೂ ಹರಿಯುತ್ತದೆ. ಅಂದು ಈಶಪ್ಪನಿಗೆ ಅಷ್ಟು ಪುರಸೊತ್ತೆಲ್ಲಿ? ಬಳೆಗಾರ್ತಿ ಬಾಷಾಬಿಯನ್ನು ಬುಟ್ಟಿಯ ಸಮೇತ ಹತ್ತಿಸಿಕೊಂಡು ಹಸಿ ಹರಿಗೋಲಿನಲ್ಲೇ ಹೊರಟ.

“ನಿಧಾನ ಹೊಡಿಯಪ್ಪಾ, ನನಗ ಈಸು ಬರಂಗಿಲ್ಲ.”

“ಗಟ್ಟಿ ಕುಂದರ್ರಿ ಆಪಾ, ಇವತ್ತ ನನ್ನ ಓಟ ನೋಡ್ರಿ!”

ಓಬಳೆಪ್ಪ ಹಿಂದೆ ಬಿದ್ದ. ನಡುಹೊಳೆಯಲ್ಲಿ ಮುಳುಗಿದ್ದ ಜಾಲಿಯ ಕೊಂಬೆಯೊಂದು ಹರಿಗೋಲಿನ ತಳ ಸೀಳಿತು. ನೀರು ನುಗ್ಗಿದ್ದೇ ತಡ, ಈಶಪ್ಪ ಜೀವದಾಸೆಗೆ ಹಾರಿ, ಈಸಿ, ಆಚೆ ದಡ ಹತ್ತಿದ. ಆಮೇಲೆ ಬಾಷಾಬಿಯ ನೆನಪಾಗಿ ತಿರುಗಿ ನೋಡಿದರೆ, ಓಬಳೆಪ್ಪ ಅವಳ ಕೂದಲು ಹಿಡಿದು ತನ್ನ ಹರಿಗೋಲಿಗೆ ಎಳೆದುಕೊಳ್ಳುತ್ತಿದ್ದ.

ಅವಳನ್ನು ದಡದಲ್ಲಿ ಮಲಗಿಸಿದ ಓಬಳೆಪ್ಪ ಮಾಸ್ತರರಿಗೆ ಹೇಳಿದ: “ಈಶಪ್ಪನೇ ಮೊದ್ಲ ದಡ ಮುಟ್ಯಾನ್ರಿ. ಅವನೇ ಗೆದ್ದ.”

ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಈಶಪ್ಪನಿಗೆ. ನಾಚಿಕೆ ಒಂದು ದಿನದ್ದಾಗಲಿಲ್ಲ. ಬಾಷಾಬಿ ಮುಂದೆಯೂ ಅವನ ಹರಿಗೋಲನ್ನೇ ಹತ್ತುತ್ತಿದ್ದಳು, ಎಂದಿನಂತೆ ಕೂಲಿ ಕೊಟ್ಟು ಇಳಿಯುತ್ತಿದ್ದಳು. ಬಾಯಿ ತುಂಬ ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಒಂಬತ್ತು ವರ್ಷದ ಮೇಲೆ, ಮುದುಕರಾದ ಮಾಸ್ತರರು ಈಶಪ್ಪನ ಹರಿಗೋಲಿನಲ್ಲಿ ಕೂತು ಮತ್ತೆ ಸುದ್ದಿ ಹೇಳಿದರು. ಇನ್ನೊಬ್ಬ ದೊರೆ ತಾಸಿಗೆ ನೂರಾ ನಲವತ್ತು ಮೈಲಿ ದಾಟಿಸಿದನಂತೆ, ಬದುಕಿಯೂ ಇದ್ದಾನಂತೆ.

“ಅವನ ಕೂಡ ದೋಣ್ಯಾಗ ಯಾರರ ಇದ್ರೇನ್ರಿ?” ಈಶಪ್ಪ ಕೇಳಿದ.

“ಇಲ್ಲೋ, ಒಬ್ಬನೇ ಇದ್ದ.”

“ಪುಣ್ಯೇವಂತ ಬಿಡ್ರಿ.”

ಎದುರಿಗೆ ಕೂತಿದ್ದ ಬಾಷಾಬಿ ಬುಟ್ಟಿಯನ್ನು ಮಡಿಲಿಗೆ ಎಳೆದುಕೊಂಡು, “ಹುಟ್ಟು ಹಾಕಪ್ಪಾ, ಹೊತ್ತಾತು,” ಎಂದಳು. ಅವನು ತಲೆ ಎತ್ತದೆ ಹುಟ್ಟು ಹಾಕಿದ. ದಡ ಬಂದಾಗ ಹರಿಗೋಲು ಹಿಡಿದು, ಅವಳು ಇಳಿದು ನಾಲ್ಕು ಹೆಜ್ಜೆ ಹೋಗುವವರೆಗೂ ನೀರಿನಲ್ಲೇ ನಿಂತಿದ್ದ.